ಅಜ್ಜಿಯ ಕಲ್ಲಿಗೆ ಒಂದು ಪೊಟ್ಟಣ ಹಿಟ್ಟು

"ಈ ಸಲದ ಸಮಾಧಿ ಭಾನುವಾರದೊಳಗೆ ನಮ್ಮಜ್ಜಿಯನ್ನು ಹುಡುಕಿಯೇ ತೀರುತ್ತೇನೆ!"

ಹೀಗೆಂದು ನಾನು ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದಾಗ ಚಹಾದ ಲೋಟಗಳು ಬೆಚ್ಚಿಬಿದ್ದವು. ನನ್ನ ಹೆಂಡತಿ ಅಟ್ರಾಕ್ಟಾ ಮಾತ್ರ ಬೆಚ್ಚಲಿಲ್ಲ.

"ಫ್ರಿಜ್ಜಲ್ಲಿ ಮುಂದೇನೇ ಇರೋ ಬೆಣ್ಣೆ ನಿಮ್ಮ ಕಣ್ಣಿಗೆ ಬೀಳಲ್ಲ. ಇನ್ನು ಮಣ್ಣೊಳಗಿರೋ ಅಜ್ಜಿ ಬೀಳ್ತಾರಾ?"

"ಈ ಕ್ಲೇರ್ ಸೀಮೇಲಿ ಜೀವಮಾನವೆಲ್ಲ ಹಾಲಿನ ಲಾರಿ ಓಡಿಸಿದೋನು ಕಣೇ ನಾನು! ಬದುಕಿರೋರ ಮನೆಯೆಲ್ಲ ಗೊತ್ತಿರೋನಿಗೆ ಸತ್ತವರ ಮನೆ ಸಿಗದೇ ಹೋಗುತ್ತಾ?"

"ಬದುಕಿರೋರ ಮನೆ ಮುಂದೆ ಹಾಲಿನ ಕ್ಯಾನು ಇರ್ತಿತ್ತು ರೀ!"

ಇಂಥ ಮಾತಿಗೆಲ್ಲ ವೀರರು ಕಿವಿಗೊಡುವುದಿಲ್ಲ. ನಾನೂ ಕೊಡಲಿಲ್ಲ.

ಈ ವೀರಾವೇಶಕ್ಕೆ ಕಾರಣ ನಮ್ಮಪ್ಪ, ಸೆನನ್ ಟಾಲ್ಟಿ. ತೊಂಬತ್ತು ತುಂಬಿದೆ. ಕಿವಿ ಮಂದ, ಕಣ್ಣು ಇನ್ನೂ ಮಂದ, ನಾಲಿಗೆ ಮಾತ್ರ ಹರಿತ. ಅವರ ಅಮ್ಮ ಸಬೈನಾ ಕ್ಷಯದಿಂದ ತೀರಿಕೊಂಡಾಗ ಅವರಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ವರ್ಷ ತಿರುಗುವುದರೊಳಗೆ ಮನೆಗೆ ಮಲತಾಯಿ ಬಂದರು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಸಬೈನಾ ಹೆಸರನ್ನು ಯಾರೂ ಎತ್ತಲಿಲ್ಲ. ನಮ್ಮ ಮನೆತನದ ಸಮಾಧಿ ಕಲ್ಲಿನ ಮೇಲೆ ತಾತನ ಹೆಸರಿದೆ, ಮಲತಾಯಿಯ ಹೆಸರಿದೆ, ಸಬೈನಾ ಹೆಸರಿಲ್ಲ. ಚರ್ಚಿನಲ್ಲಿ ವಿಚಾರಿಸಿದರೆ, ಯಾರನ್ನು ಎಲ್ಲಿ ಹೂಳಿದರು ಎಂದು ಆ ಕಾಲದಲ್ಲಿ ಯಾರೂ ಬರೆದಿಟ್ಟಿಲ್ಲ ಎಂದರು.

ಸಮಾಧಿ ಭಾನುವಾರವೆಂದರೆ, ಜುಲೈ ತಿಂಗಳ ಒಂದು ಭಾನುವಾರ ನಮ್ಮ ಊರಿಗೆ ಊರೇ ಸ್ಮಶಾನಕ್ಕೆ ಬರುತ್ತದೆ. ಮಡಚುವ ಕುರ್ಚಿ, ಫ್ಲಾಸ್ಕಿನ ತುಂಬ ಚಹಾ, ಕೊಡೆ. ಅವರವರ ಕಲ್ಲಿನ ಪಕ್ಕ ಅವರವರು ನಿಲ್ಲುತ್ತಾರೆ. ಪಾದ್ರಿಗಳು ಸಾಲು ಸಾಲಾಗಿ ತೀರ್ಥ ಚಿಮುಕಿಸುತ್ತ ಬರುತ್ತಾರೆ. ಅಪ್ಪ ಪ್ರತಿ ವರ್ಷವೂ ತಾತನ ಕಲ್ಲಿನ ಪಕ್ಕ ನಿಲ್ಲುತ್ತಿದ್ದರು. ಆದರೆ ಅವರ ಕಣ್ಣು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಅಲೆಯುತ್ತಲೇ ಇರುತ್ತಿತ್ತು. ಹೋದ ವರ್ಷ ಹಿಂದಿರುಗುವಾಗ ಕಾರಿನಲ್ಲಿ ಬಾಯಿಬಿಟ್ಟು ಹೇಳಿದರು:

"ಲೋ ಮಲಕಿ, ಒಂದೇ ಒಂದು ಸಲ ಅಮ್ಮನ ಪಕ್ಕ ನಿಲ್ಲಬೇಕು ಕಣೋ. ಎಲ್ಲರೂ ಅವರವರ ಅಮ್ಮನ ಹತ್ರ ನಿಂತಿರ್ತಾರೆ. ನಾನು ಮಾತ್ರ ಬಸ್ಸು ತಪ್ಪಿಸಿಕೊಂಡೋನ ಥರ ನಿಂತಿರ್ತೀನಿ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಸರಿ, ಶೋಧ ಆರಂಭ!

ಹಳೆಯ ಕಲ್ಲುಗಳ ಅಕ್ಷರ ಸವೆದು ಹೋಗಿರುತ್ತದೆ. ಹಿಟ್ಟು ಸವರಿದರೆ ಅಕ್ಷರ ಎದ್ದು ಕಾಣುತ್ತದೆ ಎಂದು ಯಾರೋ ಪುಣ್ಯಾತ್ಮ ಹೇಳಿದ್ದ. ಅಟ್ರಾಕ್ಟಾ ಮಾರುಕಟ್ಟೆಗೆ ಹೋದ ಸಮಯ ನೋಡಿ, ಅವಳ ಹಿಟ್ಟಿನ ಪೊಟ್ಟಣ ಎಗರಿಸಿಕೊಂಡು ಸ್ಮಶಾನಕ್ಕೆ ನುಗ್ಗಿದೆ. ಗೋಡೆಯ ಮೂಲೆಯಲ್ಲಿ ಐವಿ ಬಳ್ಳಿ ಮುಚ್ಚಿದ್ದ ಒಂದು ಕಲ್ಲು. ಬಳ್ಳಿ ಕಿತ್ತೆ, ಪಾಚಿ ಕೆರೆದೆ, ಹಿಟ್ಟು ಬಳಿದೆ. ಯೇಸು ಮೇರಿ ಜೋಸೆಫ್! ಕಲ್ಲು ಮಾತಾಡಿತು: "ಸಬೈನಾ." ಅದರ ಮುಂದೆ ಒಂದು "ಟಿ." ಮುಂದಿನದೆಲ್ಲ ಅಳಿಸಿ ಹೋಗಿತ್ತು. ಟಾಲ್ಟಿಯ ಟಿ! ಸ್ಮಶಾನ ಎಂಬುದನ್ನೂ ಮರೆತು ನಾಲ್ಕು ಹೆಜ್ಜೆ ಕುಣಿದೆ.

ಕುಣಿತ ಮುಗಿಯುವ ಮೊದಲೇ ಮಳೆ ಹನಿಯಿತು. ನಾನು ಕಾರಿನೊಳಗೆ ಓಡಿದೆ. ಮಳೆ ನಿಂತಾಗ ಹೋಗಿ ನೋಡಿದರೆ, ಅಜ್ಜಿಯ ಕಲ್ಲಿನ ಮೇಲೆ ಹದವಾಗಿ ಕಲಸಿದ ಕಣಕ! ನಾನು ಕದ್ದದ್ದು ಸೋಡಾ ಬೆರೆತ, ತಾನಾಗಿ ಉಬ್ಬುವ ಹಿಟ್ಟಂತೆ. ಒಂದೊಂದು ಅಕ್ಷರವೂ ಬೋಂಡಾದಂತೆ ಊದಿಕೊಂಡಿತ್ತು. ಊರಿನ ಕಾಗೆಗಳೆಲ್ಲ ಬಂಧುಬಳಗ ಸಮೇತ ಊಟಕ್ಕೆ ಇಳಿದಿದ್ದವು.

"ಹಿಟ್ಟೆಲ್ಲಿ ರೀ?" ಎಂದಳು ಮನೆಯಲ್ಲಿ ಅಟ್ರಾಕ್ಟಾ.

"ಅಜ್ಜಿಗೆ ಹಾಕ್ದೆ."

"ನೀವು ಮಾಡ್ತಿರೋದು ಸಂಶೋಧನೆ ಅಲ್ಲ ರೀ, ಹಿಂಸಾಶೋಧನೆ!" ಎಂದವಳು, ವಿಷಯವೆಲ್ಲ ಕೇಳಿ ಮೇಜಿನ ಮೇಲೆ ಬೆರಳಿನಿಂದ ಒಂದು ಟಿ ಬರೆದಳು. "ಅಲ್ಲಾ, ಟಿ ಅಂದ್ರೆ ಟಾಲ್ಟೀನೇ ಆಗಬೇಕಾ?"

"ಈ ಊರಲ್ಲಿ ಟಿ ಅಂದ್ರೆ ಇನ್ಯಾರಿದಾರೆ?"

ಇದ್ದರು. ಟಬ್ರಿಡಿಗಳು ಇದ್ದರು. ನಮ್ಮ ತಾತನ ಕಾಲದಲ್ಲಿ ಅವರ ಹೋರಿ ನಮ್ಮ ಹೊಲಕ್ಕೆ ನುಗ್ಗಿ, ತಾತ ಅದನ್ನು ಕಟ್ಟಿಹಾಕಿಕೊಂಡ ದಿನದಿಂದ ಎರಡೂ ಮನೆಗಳಿಗೆ ಮಾತಿಲ್ಲ. ಅವರ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ. ಎತ್ತದೆ ಎತ್ತದೆ, ಅಂಥದೊಂದು ಮನೆತನ ಇದೆ ಎಂಬುದೇ ನನ್ನ ತಲೆಯಿಂದ ಹಾರಿಹೋಗಿತ್ತು!

ಮರುದಿನ ಕಲ್ಲನ್ನು ತಿಕ್ಕಿ ತೊಳೆದು, ಕಪ್ಪು ಬಣ್ಣದಲ್ಲಿ "ಸಬೈನಾ ಟಾಲ್ಟಿ" ಎಂದು ದಪ್ಪಗೆ ಬರೆದೆ. ಸುತ್ತ ಕೆಂಪು ಹೂವಿನ ಗಿಡ ನೆಟ್ಟೆ. ಅಪ್ಪನಿಗೆ ಸುದ್ದಿ ಹೇಳಿದೆ. ಭಾನುವಾರ ಅವರು ನಾವು ಏಳುವ ಮೊದಲೇ ಎದ್ದು, ಮದುವೆಯ ಕೋಟು ಹಾಕಿಕೊಂಡು, ಗುಂಡಿಯನ್ನೆಲ್ಲ ಸರಿಯಾಗಿ ಹಾಕಿಕೊಂಡು, ಬಾಗಿಲ ಬಳಿ ಕೂತಿದ್ದರು.

ಕಲ್ಲಿನ ಹತ್ತಿರ ಕರೆದೊಯ್ದು ಅವರ ಕೈಯನ್ನು ಅದರ ಮೇಲಿಟ್ಟೆ. ಅಪ್ಪ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಅಮ್ಮಾ, ನಾನು ಸೆನನ್. ತುಂಬಾ ತಡವಾಯ್ತು," ಎಂದರು. ಕಿವಿ ಮಂದ ಇರುವವರ ಗುಟ್ಟು ಎಲ್ಲರಿಗೂ ಕೇಳುತ್ತದೆ. ಅಕ್ಕಪಕ್ಕದ ನಾಲ್ಕು ಸಾಲಿನವರು ಕರವಸ್ತ್ರ ತೆಗೆದರು. ನಾನೂ ತೆಗೆದೆ.

ಆಗ ನನ್ನ ಬೆನ್ನ ಹಿಂದೆ ಮಡಚುವ ಕುರ್ಚಿಯೊಂದು ದಡಾರನೆ ನೆಲಕ್ಕೆ ಬಿತ್ತು.

"ಏನಯ್ಯಾ ಮಲಕಿ ಟಾಲ್ಟಿ! ನಮ್ಮಜ್ಜಿಗೆ ಯಾಕಯ್ಯಾ ನಿನ್ನ ಹೆಸರಿಟ್ಟೆ?"

ಡಿಂಪ್ನಾ ಟಬ್ರಿಡಿ! ಸೊಂಟದ ಮೇಲೆ ಎರಡೂ ಕೈ. ಅವಳ ಪಕ್ಕದಲ್ಲೇ ಪಾದ್ರಿಗಳು ತೀರ್ಥ ಹಿಡಿದು ನಿಂತಿದ್ದರು, ಅವರ ಕೊರಳಲ್ಲಿ ಮೈಕು. ಹೀಗಾಗಿ ಪ್ರಶ್ನೆಯನ್ನು ಇಡೀ ಸ್ಮಶಾನ ಧ್ವನಿವರ್ಧಕದಲ್ಲಿ ಕೇಳಿತು.

"ಇದು... ನಮ್ಮ ಸಬೈನಾ," ಎಂದೆ. ನನ್ನ ಉತ್ತರವೂ ಧ್ವನಿವರ್ಧಕದಲ್ಲಿ ಬಂತು.

"ಸಬೈನಾ ಟಬ್ರಿಡಿ, ನಮ್ಮಪ್ಪನ ತಾಯಿ! ಅಂದು ಹೋರಿ ಆಯ್ತು, ಇಂದು ಅಜ್ಜಿ! ಹೂವು ಬೇರೆ ನೆಟ್ಟಿದಾನೆ ಪ್ರಚಂಡ!"

ಇನ್ನೂ ಏನೇನು ಹೇಳುತ್ತಿದ್ದಳೋ. ಅಷ್ಟರಲ್ಲಿ ಕಲ್ಲಿಗೆ ಹಣೆಯಿಟ್ಟು ಕೂತಿದ್ದ ಅಪ್ಪನನ್ನು ನೋಡಿದಳು. ಕೈ ಸೊಂಟದಿಂದ ಕೆಳಗಿಳಿಯಿತು. ಪಾದ್ರಿಗಳ ಮೈಕನ್ನು ತಾನೇ ಆರಿಸಿ, ಅಪ್ಪನ ಪಕ್ಕ ಮಂಡಿಯೂರಿ, ಅವರ ಕಿವಿಯ ಹತ್ತಿರ ಬಾಯಿಟ್ಟಳು.

"ಸೆನನ್ ಮಾವ, ನಿಮ್ಮಮ್ಮ ಇಲ್ಲಿಲ್ಲ. ಈ ಸ್ಮಶಾನದಲ್ಲೇ ಇಲ್ಲ. ನಮ್ಮಮ್ಮ ಹೇಳ್ತಿದ್ಲು. ಆ ಕಾಲದಲ್ಲಿ ಮದುವೆಯಾಗಿ ನಾಲ್ಕೈದು ವರ್ಷದೊಳಗೆ ಸತ್ತ ಹೆಣ್ಣನ್ನ ಅವಳ ಕಡೆಯವರೇ ಬಂದು ಕರ್ಕೊಂಡು ಹೋಗ್ತಿದ್ರಂತೆ. ನಿಮ್ಮಮ್ಮನ ಅಣ್ಣಂದಿರು ಶವದ ಪೆಟ್ಟಿಗೆಯನ್ನ ಗಾಡೀಲಿ ಹೇರ್ಕೊಂಡು ಕಿಲ್‌ಕ್ರೋನದ ಹಳೇ ಸ್ಮಶಾನಕ್ಕೆ ಹೋದ್ರಂತೆ. ತವರಿನವರ ಜೊತೆ ಇದ್ದಾಳೆ."

"ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಡಿಂಪ್ನಾ?" ಎಂದೆ.

"ನೀವು ಮಾತಾಡಿಸಿದ್ರಾ?"

ನಾನು ಬಗ್ಗಿ, ಬಿದ್ದಿದ್ದ ಅವಳ ಕುರ್ಚಿಯನ್ನು ಎತ್ತಿ ನಿಲ್ಲಿಸಿದೆ.

ಅಪ್ಪ ಎದ್ದು ಟೋಪಿ ಸರಿಮಾಡಿಕೊಂಡರು. ಕಲ್ಲಿನತ್ತ ತಿರುಗಿ, "ಕ್ಷಮಿಸಿ ಅಮ್ಮಾ, ಮನೆ ತಪ್ಪಿ ಬಂದೆ," ಎಂದು ಟಬ್ರಿಡಿ ಅಜ್ಜಿಗೆ ಕೈಮುಗಿದು, ನಮ್ಮನ್ನು ಕಾಯದೆ ಕಾರಿನತ್ತ ನಡೆದರು. ಅಟ್ರಾಕ್ಟಾ ಅವರ ತೋಳು ಹಿಡಿದುಕೊಂಡಳು. ದಾರಿ ತೋರಿಸಲು ಡಿಂಪ್ನಾ ಫ್ಲಾಸ್ಕಿನ ಸಮೇತ ಹಿಂದಿನ ಸೀಟು ಹತ್ತಿದಳು. ಟಾಲ್ಟಿಗಳ ಕಾರಿನಲ್ಲಿ ಟಬ್ರಿಡಿ!

ಕಿಲ್‌ಕ್ರೋನ ಕಡಲಿನ ಅಂಚಿನಲ್ಲಿದೆ. ಮುರಿದ ಗೋಡೆ, ಮೊಣಕಾಲುದ್ದ ಹುಲ್ಲು. ಒಂದು ಮೂಲೆಯಲ್ಲಿ ಅಜ್ಜಿಯ ತವರಿನವರಾದ ಹೆಹಿರ್ ಮನೆತನದ ಜಾಗ ಎಂದು ಡಿಂಪ್ನಾ ತೋರಿಸಿದಳು. ಅಲ್ಲಿ ಹೆಸರಿಲ್ಲದ, ಅಕ್ಷರವಿಲ್ಲದ ಕಾಡುಗಲ್ಲುಗಳು ಮಾತ್ರ ಒತ್ತೊತ್ತಾಗಿ ನಿಂತಿದ್ದವು. ಅಪ್ಪ ಅವುಗಳ ನಡುವೆ ಹುಲ್ಲಿನ ಮೇಲೆ ಮೆಲ್ಲಗೆ ಕೂತರು. ಕಡಲಿನತ್ತ ಮುಖ ಮಾಡಿ ಹೇಳಿದರು:

"ಅಮ್ಮ ಎಲ್ಲಿ ಅಂತ ಕೇಳಿದಾಗ, ತವರಿಗೆ ಹೋಗಿದಾಳೆ ಅಂದಿದ್ದ ನಮ್ಮಪ್ಪ. ದಿನಾ ಗೇಟಿನ ಹತ್ರ ಕಾಯ್ತಿದ್ದೆ. ದೊಡ್ಡೋನಾದ ಮೇಲೆ, ಮಗೂಗೆ ಹೇಳೋ ಸುಳ್ಳು ಅಂತ ಅರ್ಥ ಮಾಡ್ಕೊಂಡೆ. ಆ ಸುಳ್ಳಿಗೆ ಅವನನ್ನ ಕ್ಷಮಿಸಲೇ ಇಲ್ಲ ಕಣೋ." ಅಪ್ಪ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಿಜಾನೇ ಹೇಳಿದ್ದ."

ಅಳು ಬಂದಾಗ ಸುಮ್ಮನಿರಲು ಬಾರದ ಜಾತಿ ನನ್ನದು. ಜೇಬಿನಿಂದ ಬ್ರಷ್ಷು ತೆಗೆದು ಹತ್ತಿರದ ಕಲ್ಲಿನತ್ತ ಬಗ್ಗಿದೆ.

"ತಾಳಪ್ಪಾ, ಇವುಗಳಲ್ಲಿ ಅಜ್ಜಿ ಯಾವುದು ಅಂತ ಈಗಲೇ ಕಂಡುಹಿಡೀತೀನಿ!"

"ಮುಟ್ಟಬೇಡ!" ಎಂದು ಅಪ್ಪ ಗದರಿದರು. "ತೊಂಬತ್ತು ವರ್ಷಕ್ಕೆ ಮೊದಲನೇ ಸಲ ಅಜ್ಜಿಮನೆಗೆ ಬಂದಿದೀನಿ. ಅಲ್ಲಿ ಇಲ್ಲಿ ಕೈ ಹಾಕಿ ನನ್ನ ಮಾನ ಕಳೀಬೇಡ. ತೆಪ್ಪಗೆ ಕೂತ್ಕೋ!"

ಅರವತ್ತೆರಡು ವರ್ಷದ ನಾನು ಬ್ರಷ್ಷು ಜೇಬಿಗೆ ಹಾಕಿಕೊಂಡು, ಅಪ್ಪನ ಪಕ್ಕ ಕೈಕಟ್ಟಿ ಕೂತೆ.