ನನ್ನ ಬಲಗಾಲಿನ ಹೆಬ್ಬೆರಳಿನ ಪರವಾಗಿ

ಓಟದ ಶೂಗಳ ವಿನ್ಯಾಸ ವಿಭಾಗದ ಘನ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಹತ್ತೂ ಕಾಲ್ಬೆರಳುಗಳೂ ಕ್ಷೇಮವೆಂದು ನಂಬಿ, ಮುದ್ರಣಾಲಯವೊಂದರಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಕರಡು ತಿದ್ದುತ್ತಿರುವ ನಾನು, ಬಲಗಾಲನ್ನು ತೆರೆದ ಚಪ್ಪಲಿಯಲ್ಲಿ ಗಾಳಿಗಿಟ್ಟುಕೊಂಡು, ಈ ವಿಜ್ಞಾಪನೆಯನ್ನು ತಮ್ಮ ಪಾದಗಳಿಗೆ ಅರ್ಪಿಸುತ್ತಿದ್ದೇನೆ. ಪಾದವೆಂಬ ಅಂಗದ ಪರಿಚಯ ತಮಗಿದೆಯೆಂದು ಭಾವಿಸಿದ್ದೇನೆ. ಇಲ್ಲದಿದ್ದಲ್ಲಿ, ಕಾಲಿನ ಕೊನೆಯಲ್ಲಿ ಬೆರಳುಗಳಿರುವ ಭಾಗವೇ ಅದು ಎಂದು ಸವಿನಯವಾಗಿ ತಿಳಿಸಬಯಸುತ್ತೇನೆ.

ಐವತ್ತಾರರ ಈ ಪ್ರಾಯದಲ್ಲಿ ಓಟದ ಶೂ ಕೊಳ್ಳುವ ಚಪಲ ನನಗೇಕೆ ಬಂತೆಂದು ತಾವು ಕೇಳಬಹುದು. ದೂರವಾಣಿ ಕಚೇರಿಯಲ್ಲಿ ದುಡಿದು ನಿವೃತ್ತಳಾದ ನನ್ನ ಅಕ್ಕನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಾಗಿತ್ತು. ದಿನಾ ಮುಕ್ಕಾಲು ಗಂಟೆ ನಡೆಯಲೇಬೇಕೆಂದು ಹೃದಯದ ಡಾಕ್ಟರು ಹೇಳಿದ್ದರೂ ಆಕೆ ಮಂಚದಿಂದ ಕಿಟಕಿಯವರೆಗೆ, ಕಿಟಕಿಯಿಂದ ಮಂಚದವರೆಗೆ ಓಡಾಡಿ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದಳು. "ದಾರೀಲಿ ಬಿದ್ದುಹೋದ್ರೆ ಯಾರು ಎತ್ತೋರು? ನೀನು ಜೊತೆಗೆ ಬಂದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಹೀಗಾಗಿ ನಾನು ತಮ್ಮ ಗ್ರಾಹಕನಾದೆ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲೇ ತಮ್ಮ ಮಳಿಗೆಯನ್ನು ಹೊಕ್ಕೆ. ಮುಂದೆ ಬೆರಳಿಗೆ ತಾಗುತ್ತಿದೆಯಲ್ಲ ಎಂದು ಸಂಕೋಚದಿಂದ ಕೇಳಿದಾಗ, ಮೊಣಕಾಲೂರಿ ಕುಳಿತಿದ್ದ ತಮ್ಮ ಮಾರಾಟಗಾರರು, "ಅದೇ ಸರ್ ಫಿಟ್ ಅನ್ನೋದು. ಹಾಕ್ತಾ ಹಾಕ್ತಾ ಬಿಡುತ್ತೆ" ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಹಾಕುತ್ತಾ ಹಾಕುತ್ತಾ ಬಿಟ್ಟಿತು. ಬಿಟ್ಟದ್ದು ಶೂ ಅಲ್ಲ, ಉಗುರು ಎಂಬ ಅಲ್ಪ ವ್ಯತ್ಯಾಸವನ್ನು ಬದಿಗಿರಿಸೋಣ. ಪೆಟ್ಟಿಗೆಯ ಮೇಲಿನ "ಪಾದವೇ ಇಲ್ಲವೆನಿಸುವ ಅನುಭವ" ಎಂಬ ವಾಕ್ಯವನ್ನು ವೃತ್ತಿಯ ಚಟದಿಂದ ಎರಡು ಸಲ ಓದಿದೆ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಅದು ಭರವಸೆಯಲ್ಲ, ಎಚ್ಚರಿಕೆಯೆಂದು ಮಾತ್ರ ನನಗೆ ಹೊಳೆಯಲಿಲ್ಲ.

ನಮ್ಮ ಮನೆಯಿಂದ ನೀರಿನ ಟ್ಯಾಂಕಿನವರೆಗೆ ಏರು, ಅಲ್ಲಿಂದ ಹಿಂದಕ್ಕೆ ಇಳಿಜಾರು. ಏರುವಾಗ ತಮ್ಮ ಶೂ ಸಜ್ಜನಿಕೆಯ ಮೂರ್ತಿ. ಇಳಿಯುವಾಗ ಮಾತ್ರ ಪಾದ ಮುಂದಕ್ಕೆ ಜಾರಿ, ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂವಿನ ಮೂತಿಗೆ ಹೋಗಿ, ರಿಜಿಸ್ಟರ್ಡ್ ಪತ್ರ ತಂದ ಅಂಚೆಯವರಂತೆ ಪಟ್ಟು ಬಿಡದೆ ಬಡಿಯುತ್ತಿತ್ತು. ಉಗುರು ಕತ್ತರಿಸದೆ ಬಿಟ್ಟಿದ್ದ ನನ್ನ ಸೋಮಾರಿತನವೂ ತಮ್ಮ ಕಲೆಗೆ ಕೈಜೋಡಿಸಿತೆಂದು ಒಪ್ಪಿಕೊಳ್ಳುತ್ತೇನೆ. ವಾರದಲ್ಲಿ ಉಗುರಿನ ಅಂಚು ಕೆಂಪಾಯಿತು, ಆಮೇಲೆ ನೇರಳೆ. ಅಕ್ಕನಿಗೆ ಹೇಳಿದರೆ ನಡಿಗೆ ನಿಂತುಹೋಗುತ್ತದೆಂಬ ಭಯದಿಂದ ನಾನು ಕಪ್ಪು ಕಾಲುಚೀಲ ತೊಟ್ಟು, ಕುಂಟುವುದನ್ನು ಗಾಂಭೀರ್ಯದ ನಡಿಗೆಯಂತೆ ತೋರಿಸುವ ಅಭಿನಯದಲ್ಲಿ ತೊಡಗಿದೆ.

ಹನ್ನೊಂದನೆಯ ದಿನ ಹನಿ ಬಿತ್ತೆಂದು ಇಳಿಜಾರಿನಲ್ಲಿ ಬಿರಬಿರನೆ ಇಳಿದೆವು. ಅರ್ಧ ದಾರಿಯಲ್ಲಿ, ಬೆರಳೊಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತಾಗಿ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಸಿದೆ. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ "ಶೂ ಬಿಚ್ಚು" ಎಂದಳು. ಉಗುರಿನಡಿ ರಕ್ತ ತುಂಬಿ, ನಮ್ಮ ಅಚ್ಚಿನ ಮಸಿಯನ್ನೂ ನಾಚಿಸುವ ಬಣ್ಣ ಬಂದಿತ್ತು. ಅಲ್ಲಿಂದಲೇ ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಜೇನಿನಂಥ ದನಿಯೊಂದು, "ಹೊಸ ಶೂಗೆ ಹೊಂದ್ಕೊಳ್ಳೋಕೆ ಪಾದಕ್ಕೆ ಸ್ವಲ್ಪ ಟೈಮ್ ಕೊಡಿ ಸರ್" ಎಂದಿತು. ಐವತ್ತಾರು ವರ್ಷ ಕೊಟ್ಟಿದ್ದೇನೆ, ಇನ್ನೆಷ್ಟು ಬೇಕೆಂದು ಕೇಳುವಷ್ಟರಲ್ಲಿ ಸಂಗೀತ ಶುರುವಾಯಿತು.

ಮನೆಗೆ ಹೋಗಿ ಸೂಜಿ ಕಾಯಿಸಿ ಚುಚ್ಚಿಕೊಳ್ಳುತ್ತೇನೆಂದೆ. "ಬಾಯಿ ಮುಚ್ಚಿಕೊಂಡು ನಡಿ" ಎಂದು ಅಕ್ಕ ನನ್ನ ತೋಳನ್ನು ತನ್ನ ಹೆಗಲಿಗೇರಿಸಿಕೊಂಡು ಮೂರು ಬೀದಿಯಾಚೆಯ ಕ್ಲಿನಿಕ್ಕಿಗೆ ಎಳೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಬೆರಳನ್ನು ಶುಚಿಗೊಳಿಸಿ, ಉಗುರಿನಲ್ಲಿ ಸಾಸಿವೆಗಿಂತ ಸಣ್ಣ ತೂತು ಮಾಡಿದರು. ಕಪ್ಪು ರಕ್ತ ಹೊರಬಂದದ್ದೇ ತಡ, ಸುತ್ತಿಗೆಯವನು ಕೆಲಸ ಬಿಟ್ಟು ಎದ್ದುಹೋದ. "ರಕ್ತ ಇನ್ನೂ ಹಸಿಯಾಗಿರುವಾಗಲೇ ಬಂದ್ರಿ, ಒಳ್ಳೇದಾಯ್ತು. ಇದನ್ನ ಮನೇಲಿ ಮಾಡ್ಕೋಬೇಡಿ, ಉಗುರನ್ನ ಕೀಳೋಕೂ ಹೋಗ್ಬೇಡಿ. ಬಿದ್ರೆ ತಾನೇ ಬೀಳುತ್ತೆ, ಪೂರ್ತಿ ಹೊಸದು ಬರೋಕೆ ವರ್ಷ ಹಿಡಿಯುತ್ತೆ. ಕಾಲು ಎತ್ತರಕ್ಕಿಟ್ಟು ತಣ್ಣೀರು ಬಟ್ಟೆ ಇಡಿ, ಕೀವು, ಜ್ವರ ಏನಾದ್ರೂ ಬಂದ್ರೆ ತಕ್ಷಣ ಬನ್ನಿ" ಎಂದರು.

ಆಮೇಲೆ ಅವರು ನನ್ನ ಶೂವಿನೊಳಗಿನ ಮೆತ್ತೆಯನ್ನು ಹೊರಗೆಳೆದು ನೆಲದ ಮೇಲಿಟ್ಟು, ಅದರ ಮೇಲೆ ನನ್ನನ್ನು ನಿಲ್ಲಿಸಿದರು. ನನ್ನ ಹೆಬ್ಬೆರಳು, ಕಿಕ್ಕಿರಿದ ಬಸ್ಸಿನ ಬಾಗಿಲಲ್ಲಿ ನೇತಾಡುವವರಂತೆ ಅಂಚಿನಾಚೆಗೆ ಚಾಚಿತ್ತು. ಶೂವನ್ನು ಕಾಲು ಊದಿರುವ ಸಂಜೆ ಹೊತ್ತು ಕೊಳ್ಳಬೇಕು, ನಡೆಯುವಾಗ ತೊಡುವ ಕಾಲುಚೀಲವನ್ನೇ ತೊಟ್ಟು ನೋಡಬೇಕು, ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗವಿರಬೇಕು. ಹಾಗೆಂದು ದೊಡ್ಡದು ಕೊಂಡರೆ ಪಾದ ಜಾರಿ ಅದೇ ಗತಿ. ಇಳಿಯುವ ಮೊದಲು ಹಿಮ್ಮಡಿಯನ್ನು ಹಿಂದಕ್ಕೊತ್ತಿ ದಾರ ಬಿಗಿಯಬೇಕು, ಉಗುರನ್ನು ನೇರವಾಗಿ, ಗಿಡ್ಡವಾಗಿ ಕತ್ತರಿಸಬೇಕು. ಡಾಕ್ಟರಮ್ಮ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ ಈ ಸಂಗತಿಗಳನ್ನು ತಮ್ಮ ಅರವತ್ತು ಪುಟದ ಬಣ್ಣದ ಪುಸ್ತಿಕೆ ಎಷ್ಟು ಶಿಸ್ತಿನಿಂದ ಗುಟ್ಟಾಗಿ ಕಾಪಾಡಿದೆಯೆಂದು ನೆನೆದರೆ ಗೌರವ ಉಕ್ಕುತ್ತದೆ.

ಆದರೆ ಮಾನ್ಯರೇ, ನನ್ನ ನಿಜವಾದ ದೂರು ಉಗುರಿನದಲ್ಲ. ಮನೆಗೆ ಬಂದ ಅಕ್ಕ, "ನನ್ನನ್ನ ನಡೆಸೋಕೆ ಹೋಗಿ ನೀನು ಕುಂಟ ಆದೆ. ಇನ್ನು ಬೇಡ ಈ ನಡಿಗೆ" ಎಂದು ಮತ್ತೆ ಕಿಟಕಿಯ ಬಳಿ ಕುಳಿತಳು. ಒಂದು ದಿನ, ಎರಡು ದಿನ, ಮೂರು ದಿನ. ದಿಂಬಿನ ಮೇಲೆ ಕಾಲಿಟ್ಟುಕೊಂಡು ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬೆರಳಿನ ನೋವು ಅಷ್ಟರಲ್ಲಿ ಹೋಗಿತ್ತು; ಆ ಬೆನ್ನನ್ನು ನೋಡುವುದೇ ಕಷ್ಟವಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ಹಳೆಯ ಕ್ಯಾನ್ವಾಸ್ ಶೂವಿನ ದಾರ ಕಟ್ಟುತ್ತಿದ್ದಳು. ಎಲ್ಲಿಗೆಂದು ಕೇಳಿದೆ. "ಮೊನ್ನೆ ನಿನ್ನಂಥ ಭಾರದವನನ್ನ ಕ್ಲಿನಿಕ್‌ವರೆಗೂ ಹೊತ್ಕೊಂಡು ಹೋದೆನಲ್ಲ. ಬರೀ ಕೈ ಬೀಸ್ಕೊಂಡು ಹೋಗೋಕೆ ನನಗೇನು ಧಾಡಿ" ಎಂದು ನನ್ನತ್ತ ನೋಡದೆಯೇ ಹೊರಟುಹೋದಳು. ಐವತ್ತು ನಿಮಿಷ ನಾನು ಗಡಿಯಾರವನ್ನೂ ರಸ್ತೆಯನ್ನೂ ಸರದಿಯ ಮೇಲೆ ನೋಡಿದೆ. ಕೊನೆಗೆ ಬೆವರೊರೆಸಿಕೊಳ್ಳುತ್ತಾ ಬಂದು, ಟ್ಯಾಂಕಿನ ಬಳಿ ಬೆಂಚಿಗೆ ಬಣ್ಣ ಹೊಡೆದವರು ಹಸಿ ಇದೆಯೆಂದು ಬೋರ್ಡು ಹಾಕಿಲ್ಲವೆಂದು ಬೈಯುತ್ತಾ ಸೀರೆಯ ಕಲೆ ತೋರಿಸಿದಳು. ಹೃದಯತಜ್ಞರಿಂದ ಆಗದ್ದನ್ನು ತಮ್ಮ ಶೂ ಮಾಡಿತೆಂದು ಈ ಮೂಲಕ ದೃಢೀಕರಿಸುತ್ತೇನೆ. ಹೊಸ ಪೆಟ್ಟಿಗೆಗಳ ಮೇಲೆ ಅದನ್ನೂ ಅಚ್ಚು ಹಾಕಿಸಿಕೊಳ್ಳಬಹುದು.

ಈ ಉಪಕಾರಕ್ಕೆ ಪ್ರತಿಯಾಗಿ ನನ್ನ ಕೆಲವು ಸಣ್ಣ ಕೋರಿಕೆಗಳಿವೆ. ತಮ್ಮ ವಿನ್ಯಾಸಕ್ಕೆ ಹೊಂದುವ ಬೆರಳಿಲ್ಲದ ಪಾದಗಳನ್ನೂ ಒಂದೊಂದು ಜೊತೆ ಶೂವಿನೊಡನೆ ಪೂರೈಸಬೇಕು. ಅದಾಗದಿದ್ದರೆ ನಮ್ಮ ಟ್ಯಾಂಕ್ ರಸ್ತೆಯನ್ನು ಎರಡೂ ದಿಕ್ಕಿಗೆ ಏರಾಗಿಯೇ ಇರುವಂತೆ ಮಾಡಿಸಿಕೊಡಬೇಕು. ಅದೂ ಆಗದಿದ್ದರೆ, ತಾವೇ ದಯಮಾಡಿಸಿ, ಸ್ವಂತ ಅಳತೆಗಿಂತ ಒಂದು ನಂಬರು ಕಡಿಮೆಯ ಜೋಡಿ ತೊಟ್ಟು, ಆ ಇಳಿಜಾರಿನಲ್ಲಿ ನಮ್ಮ ಅಕ್ಕನ ಜೊತೆ ಇಳಿಯಬೇಕು. ಎಚ್ಚರಿಕೆಯಿಂದ ಬನ್ನಿ, ಆಕೆ ಈಗ ಯಾರಿಗೂ ಕಾಯುವುದಿಲ್ಲ. ಬೇರೆ ಅಂಗಡಿಯಲ್ಲಿ ಸಂಜೆ ಹೊತ್ತು ಕೊಂಡ ಶೂ ತೊಟ್ಟು ನಾನು ತಿರುವು ಮುಟ್ಟುವಷ್ಟರಲ್ಲಿ, ಅವಳ ಸೀರೆಯ ಅಂಚು ಮುಂದಿನ ತಿರುವಿನಲ್ಲಿ ಮರೆಯಾಗುತ್ತಿರುತ್ತದೆ.

ವಿಶ್ವಾಸವಿಟ್ಟೇ ಕಪ್ಪಾದ,
ತಮ್ಮ ವಿಶ್ವಾಸಿ,
ಒಂಬತ್ತು ಉಗುರಿನ ಕರಡು ತಿದ್ದುವವ

ಮರೆತ ಮಾತು: ತಾವು ಕಳಿಸಿದ ಅಭಿಪ್ರಾಯದ ಹಾಳೆಯಲ್ಲಿ "ನಮ್ಮ ಶೂಗಳನ್ನು ಬಂಧುಮಿತ್ರರಿಗೆ ಶಿಫಾರಸು ಮಾಡುವಿರಾ?" ಎಂಬ ಪ್ರಶ್ನೆಯಿದೆ. ಬಂಧುಗಳಿಗೆ ಇಲ್ಲ, ಮಿತ್ರರಿಗೂ ಇಲ್ಲ. ಮೂರು ದಿನದ ರಜೆಗೆ ಮೂರು ಸಲ ಕಾರಣ ಕೇಳಿದ ನಮ್ಮ ಮುದ್ರಣಾಲಯದ ಮಾಲೀಕರಿಗೆ ಮಾತ್ರ ಈಗಾಗಲೇ ಹೊಗಳಿ ಹೇಳಿದ್ದೇನೆ. ಬೆಳಿಗ್ಗೆಯೇ ಹೋಗಿ ಕೊಳ್ಳಿ ಎಂದೂ ಸೇರಿಸಿದ್ದೇನೆ.