ಗೌನಿನ ಹಿಂದುಮುಂದು

ಸುರಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಬೇರೆ ಜಾಗವಿಲ್ಲವೆಂದು ಪದವಿ ದಿನದ ಗೌನುಗಳನ್ನೂ ನನ್ನ ಅಲಮಾರಿಗೇ ತುಂಬಿದ್ದಾರೆ. ಕೀಲಿಕೈ ಯಾರ ಹತ್ತಿರವೋ ಜವಾಬ್ದಾರಿಯೂ ಅವರದೇ. ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಪದಕ ಬಂದವರಷ್ಟೇ ಹೋಗುತ್ತಾರೆ. ಉಳಿದವರಿಗೆ ಕಾಲೇಜಿನಲ್ಲೇ ಗೌನು ತೊಡಿಸಿ ಪದವಿಪತ್ರ ಕೊಡುತ್ತೇವೆ. ಆ ದಿನ ಏನೂ ಆಗದೆ ಮುಗಿದದ್ದು ನನಗೆ ನೆನಪಿಲ್ಲ. ಜೊತೆಗೆ ಪ್ರತಿಯೊಂದಕ್ಕೂ 'ಯಾಕೆ' ಎಂದು ಕೇಳುವ ಚಟ ನನ್ನದು.

ಟೋಪಿಯ ಹಲಗೆ

ಟೋಪಿಯ ಮೇಲೆ ಆ ಚೌಕದ ಹಲಗೆ ಯಾಕಿದೆ? ಇಂಗ್ಲಿಷ್ ಮೇಷ್ಟ್ರನ್ನು ಕೇಳಿದೆ. "ಸಂಪ್ರದಾಯ ಮೇಡಂ" ಅಂದರು. ಗೊತ್ತಿಲ್ಲ ಅನ್ನುವುದಕ್ಕೆ ಓದಿದವರು ಬಳಸುವ ಮಾತು ಅದು. ರಂಗಂಪೇಟೆಯಿಂದ ಬಂದ ಅಜ್ಜಿಯೊಬ್ಬರಿಗೆ ಮಾತ್ರ ನೋಡಿದ ಕೂಡಲೇ ತಿಳಿಯಿತು. ಮೊಮ್ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ, ಆರತಿ ಎತ್ತಿ, ಟೋಪಿಯ ಮೇಲೆ ಹಿಡಿ ತುಂಬ ಅಕ್ಷತೆ ಹಾಕಿದರು. ಒಂದು ಕಾಳೂ ಉದುರಲಿಲ್ಲ. "ಛಲೋ ಮಾಡ್ಯಾರ ನೋಡವ್ವ, ಅಕ್ಕಿಕಾಳು ನಿಲ್ಲಾಕಂತ" ಎಂದು ಮೆಚ್ಚಿಕೊಂಡರು.

ಹುಡುಗಿ ಹಾಗೇ ವೇದಿಕೆ ಹತ್ತಿದಳು. ಪದವಿಪತ್ರ ತೆಗೆದುಕೊಂಡು ಪ್ರಾಂಶುಪಾಲರ ಕಾಲಿಗೆ ಬಾಗಿದ್ದೇ ತಡ, ಅಷ್ಟೂ ಅಕ್ಷತೆ ಅವರ ಬೂಟಿನ ಮೇಲೆ ಸುರಿಯಿತು. ಅವರು ಕಾಲು ಕೊಡವುತ್ತ ಅಂದರು: "ಇಷ್ಟ ವರ್ಷದ ನೌಕರಿಯೊಳಗ ವಿದ್ಯಾರ್ಥಿ ನನಗ ಆಶೀರ್ವಾದ ಮಾಡಿದ್ದು ಇದೇ ಮೊದಲು."

ಗೊಂಡೆ

ಟೋಪಿಯಿಂದ ಇಳಿಬಿದ್ದ ಗೊಂಡೆ ಪದವಿ ಸಿಗುವ ತನಕ ಬಲಕ್ಕಿರಬೇಕು, ಸಿಕ್ಕ ಮೇಲೆ ಎಡಕ್ಕೆ. ಇದನ್ನು ಮೈಕಿನಲ್ಲಿ ಮೂರು ಸಲ ಹೇಳಿಸಿದೆ. ಆಗ ಶಹಾಪುರದ ಹುಡುಗನೊಬ್ಬ ಮೆಲ್ಲಗೆ ನನ್ನ ಬಳಿ ಬಂದ. ಗೆಳೆಯರ ಜೊತೆ ಫೋಟೋಕ್ಕೆಂದು ಕಾಡಿಬೇಡಿ ಗೌನು ಇಸಕೊಂಡವನು.

"ಮೇಡಂ, ನಂದು ಇನ್ನೂ ಒಂದು ಪೇಪರ್ ಉಳದದ್ರಿ. ನಾ ಯಾವ ಕಡೆ ಬಿಡ್ಲಿ?"

ಪ್ರಶ್ನೆ ನನಗೂ ಹಿಡಿಸಿತು. ಆದರೆ ಯಾವ ಪುಸ್ತಕದಲ್ಲಿ ಹುಡುಕುವುದು? ಪಕ್ಕದಲ್ಲಿದ್ದ ನಮ್ಮ ಜವಾನನೇ ತೀರ್ಪು ಕೊಟ್ಟ: "ನಡುವ ಬಿಡಪ್ಪ, ಮೂಗಿನ ಮ್ಯಾಲ."

ಹುಡುಗ ಪಾಪ, ವಿಧೇಯ. ಇಡೀ ಸಮಾರಂಭ ಗೊಂಡೆಯನ್ನು ಊದುತ್ತಲೇ ಕೂತಿದ್ದ.

ಬಿಸಿಲು

ನಮ್ಮಲ್ಲಿರುವ ಗೌನುಗಳು ಅರ್ಧದಷ್ಟು ಮಕ್ಕಳಿಗಷ್ಟೇ ಸಾಕಾಗುತ್ತವೆ. ಹಾಗಾಗಿ ಮೊದಲ ತಂಡ ವೇದಿಕೆ ಇಳಿಯುತ್ತಲೇ ಬಿಚ್ಚಿಕೊಡಬೇಕು. ಒಂದು ಮೇ ತಿಂಗಳಲ್ಲಿ ಒಬ್ಬ ಮಾತ್ರ ಕೊಡಲೊಲ್ಲ. ಗೌನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಾನೆ.

"ಯಾಕಪ್ಪ?" ಅಂದೆ.

"ಸೆಕಿಗೆ ಒಳಗ ಅಂಗಿ ಹಾಕಿಲ್ರಿ ಮೇಡಂ. ಗೌನು ಕೊಟ್ರ ಮೈಮ್ಯಾಲ ಪದವಿ ಅಷ್ಟ ಉಳೀತದ್ರಿ."

ಹುಡ್

ಇವೆಲ್ಲ ಹೇಗೋ ನಿಭಾಯಿಸಬಹುದು. ನನ್ನ ನಿದ್ದೆಗೆಡಿಸಿದ್ದು ಹುಡ್, ಅಂದರೆ ಗೌನಿನ ಮೇಲೆ ಕೊರಳಿಗೆ ಹಾಕುವ ಬಣ್ಣದ ಬಟ್ಟೆ. ಅದಕ್ಕೊಂದು ಚೀಲದಂಥದ್ದು ಇರುತ್ತದೆ. ಅದು ಎದೆಯ ಮೇಲೋ, ಬೆನ್ನಿನ ಮೇಲೋ? ಮೊಬೈಲಿನಲ್ಲಿ ನೋಡಿದರೆ ಒಂದು ಫೋಟೋದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹೊಲಿದ ದರ್ಜಿಯನ್ನು ಕೇಳಿದರೆ, "ಹೊಲಿಯೋದು ನನ್ನ ಕೆಲಸರಿ, ಹಾಕ್ಕೊಳ್ಳೋದು ಓದಿದವರ ಕೆಲಸ" ಅಂದ. ಹೋದ ಸಲ ಎಲ್ಲರಿಗೂ ಮುಂದೆ ಹಾಕಿಸಿದ್ದೆ. ಫೋಟೋ ನೋಡಿದವರು, ಎಲ್ಲರೂ ಕ್ಷೌರಕ್ಕೆ ಕೂತಂಗ ಕಾಣಾಕತ್ತಾರ ಎಂದು ನಕ್ಕಿದ್ದರು. ಈ ಸಲ ಪ್ರಾಂಶುಪಾಲರು ಕರೆದು ಹೇಳಿದರು: "ಮೇಡಂ, ದೊಡ್ಡ ಪ್ರೊಫೆಸರ್ ಅತಿಥಿಯಾಗಿ ಬರಾಕತ್ತಾರ. ತಪ್ಪಾದ್ರ ಸ್ಟೇಜಿನ ಮ್ಯಾಲ ನೀವ ಉತ್ತರ ಹೇಳಬೇಕು." ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು.

ಮೊದಲು ವೇದಿಕೆ ಹತ್ತಬೇಕಾದವಳು ಹುಣಸಗಿ ಕಡೆಯ ಕುರಿಗಾರರ ಮಗಳು. ಅವಳ ಹುಡ್ ಹಿಡಿದು ನಾನು ಅತ್ತ ತಿರುಗಿಸಿ, ಇತ್ತ ತಿರುಗಿಸಿ ನೋಡುತ್ತಿದ್ದೆ. ಹೆಗಲ ಮೇಲೆ ಕಂಬಳಿ ಹೊತ್ತು ನಿಂತಿದ್ದ ಅವಳ ಅಪ್ಪ, "ಕೊಡ್ರಿ ಅಕ್ಕೋರ" ಎಂದು ಇಸಕೊಂಡ. ಚೀಲದೊಳಗೆ ಕೈ ಹಾಕಿ ನೋಡಿದ. "ಇದು ಕೊಪ್ಪಿ ಅಲ್ರಿ? ಮಳಿ ಬಂದ್ರ ಕಂಬಳಿ ಮಡಚಿ ತಲಿಮ್ಯಾಲ ಹಾಕ್ಕೋತೀವಲ್ಲ, ಅದ. ಬಿಸಲಿದ್ದಾಗ ಬೆನ್ನ ಮ್ಯಾಲ ಬಿದ್ದಿರ್ತದ." ಮಗಳ ಕೊರಳಿಗೆ ಹಾಕಿ ಹಿಂದಕ್ಕೆ ಇಳಿಬಿಟ್ಟ. "ಈಗ ಬರೋಬರಿ ಆಯ್ತು." ನೋಡಿದರೆ ಖರೆಯೇ ಚೆನ್ನಾಗಿ ಕೂತಿತ್ತು. ಎಲ್ಲರಿಗೂ ಹಾಗೇ ಹಾಕಿಸಿದೆ.

ಅಷ್ಟರಲ್ಲಿ ಪ್ರೊಫೆಸರರು ಬಂದರು, ತಮ್ಮದೇ ಗೌನು ತೊಟ್ಟು. ಹುಡ್ ಮುಂದಕ್ಕೆ.

ದೊಡ್ಡವರನ್ನು ನೋಡಿದ್ದೇ ತಡ, ಸಭೆಯಲ್ಲಿ ಗೌನು ತೊಟ್ಟಿದ್ದವರೆಲ್ಲ ಹುಡ್ ಸರಸರ ಮುಂದಕ್ಕೆ ತಿರುಗಿಸಿಕೊಂಡರು. ಹೆಸರು ಕರೆದಾಗ ವೇದಿಕೆ ಹತ್ತಿದ ಕುರಿಗಾರರ ಹುಡುಗಿ ಮಾತ್ರ ತನ್ನದನ್ನು ಮುಟ್ಟಲಿಲ್ಲ.

"ನಿನ್ನದು ತಿರುಗಾಮುರುಗಾ ಆಗಿದೆಯಮ್ಮ" ಎಂದರು ಪ್ರೊಫೆಸರರು.

"ಇಲ್ರಿ ಸರ್. ನಮ್ಮಪ್ಪ ಹಾಕ್ಯಾನ್ರಿ."

ಪ್ರಾಂಶುಪಾಲರು ನನ್ನ ಕಡೆ ನೋಡಿದರು. ನಾನು ಆ ಅಪ್ಪನ ಕಡೆ ನೋಡಿದೆ. ಆತ ಯಾವ ಸಂಕೋಚವೂ ಇಲ್ಲದೆ ಎದ್ದು ಬಂದು ವೇದಿಕೆ ಹತ್ತಿದ. ಮಗಳ ಟೋಪಿ ತೆಗೆದು, ಬೆನ್ನ ಮೇಲಿದ್ದ ಕೊಪ್ಪಿಯನ್ನು ಎಳೆದು ತಲೆಗೆ ಹಾಕಿ ತೋರಿಸಿದ. "ಮಳಿ ಬಂತಂದ್ರ ಹಿಂಗ್ರಿ. ನಿಮ್ಮದು ಎಳ್ಕೋರಿ ನೋಡೋಣು."

ಪ್ರೊಫೆಸರರಿಗೂ ನನ್ನ ಹಾಗೇ ಕುತೂಹಲದ ಚಟವಿರಬೇಕು. ಮುಂದಿದ್ದುದನ್ನು ಎರಡೂ ಕೈಯಿಂದ ಮೇಲಕ್ಕೆಳೆದರು. ಗದ್ದ ಹೋಯಿತು, ಮೂಗು ಹೋಯಿತು, ಕನ್ನಡಕವೂ ಹೋಯಿತು. ಒಳಗಿನಿಂದ ಒಂದು ಸಣ್ಣ ದನಿ ಬಂತು: "ಹೌದಲ್ಲ."

ಅವರು ಮುಖ ಹೊರಗೆ ತೆಗೆದು ತಾವೇ ಹಿಂದಕ್ಕೆ ತಿರುಗಿಸಿಕೊಂಡರು. ಸಭೆಯಲ್ಲೂ ಎಲ್ಲ ಹುಡ್ ಮತ್ತೆ ಹಿಂದಕ್ಕೆ ಹೋದವು. ನನಗೆ ಹೋದ ಜೀವ ಬಂದಂತಾಯಿತು. ಪ್ರೊಫೆಸರರ ಪೆಚ್ಚು ಮುಖ ನೋಡಿ ಕುರಿಗಾರನಿಗೆ ಮರುಕ ಬಂತೋ ಏನೋ, ಅವರ ಭುಜದ ಮೇಲೆ ಕೊಪ್ಪಿ ಸರಿಮಾಡುತ್ತ ಮೈಕಿಗೂ ಕೇಳುವಂತೆ ಹೇಳಿದ:

"ಬೇಜಾರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಒಂದ ಮಳಿಗಾಲ ಕುರಿ ಕಾದಿದ್ರ ನಿಮಗೂ ತಿಳೀತಿತ್ತು."