ಮಲ್ಲಪ್ಪನ ಹಿತ್ತಲ ಮನೆ ಬೆಂಗಳೂರನ್ನ ಹಿಂದಕ್ಕೆ ಹಾಕಿದ್ದು

ಇದು ನಡೆದಿದ್ದೇ. ಇದರಲ್ಲಿ ಒಂದು ಮಾತು ಕಟ್ಟಿ ಹೇಳಿದ್ರೂ ಬರೋ ಆಷಾಢದ ಮಳೆಗೆ ಹೇಳಿದವನ ಮನೆ ಮೇಲೇ ಗುಡ್ಡ ಜಾರ್ಲಿ. ಮಡಿಕೇರೀಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಮಡಿಕೇರೀಲಿ ದುಡಿಯೋರಿಗೆ ಬಾಡಿಗೆಗೆ ಸಿಗೋ ಮನೆ ಅಂತ ಉಳಿದಿದ್ದು ಒಂದೇ ಒಂದು. ಅದು ಮಲ್ಲಪ್ಪನ ಹಿತ್ತಲ ಮನೆ. ಮಿಕ್ಕಿದ್ದೆಲ್ಲ ಹೋಂಸ್ಟೇ ಆಗಿತ್ತು. ಕೋಳಿಗೂಡು ಇದ್ದ ಜಾಗದಲ್ಲೂ ಎರಡು ಮಂಚ ಹಾಕಿ, ಹೊರಗೆ ಬಣ್ಣದ ಬಲ್ಬು ಕಟ್ಟಿದ್ರು. ಮಲ್ಲಪ್ಪನೂ ಬಿಡೋ ಆಸಾಮಿ ಅಲ್ಲ. ಆದ್ರೆ ಆ ಮನೆ ಕಿಟಕಿ ತೆಗೆದ್ರೆ ಕಾಣೋದು ಪಕ್ಕದ ಹೋಂಸ್ಟೇಯವರ ನೀರಿನ ಟ್ಯಾಂಕು. ಟ್ಯಾಂಕು ನೋಡೋಕೆ ಬೆಂಗಳೂರಿಂದ ಯಾರು ಬರ್ತಾರೆ? ಅದಕ್ಕೇ ಅದನ್ನ ಉಷಾರಾಣಿಗೆ ಕೊಟ್ಟಿದ್ದ. ಅವಳಿಗೆ ಬಸ್ ಸ್ಟ್ಯಾಂಡ್ ಹತ್ರ ಏಲಕ್ಕಿ, ಜೇನು, ಚಾಕಲೇಟು ಮಾರೋ ಅಂಗಡೀಲಿ ಕೆಲಸ. ಸಂಬಳ ಹದಿನಾಲ್ಕು ಸಾವಿರ, ಬಾಡಿಗೆ ಮೂರೂವರೆ ಸಾವಿರ.

ಮಲ್ಲಪ್ಪ ಹಾಸನದ ಕಡೆಯಿಂದ ಬಂದು ನೆಲೆ ನಿಂತವನು. ಓದು ಮೂರನೇ ಕ್ಲಾಸು, ಬಾಯಿ ಮಾತ್ರ ಎಂಎ. ಒಂದು ಸಲ ತೋಟದಲ್ಲಿ ಒಂಟಿ ಸಲಗ ಎದುರಿಗೆ ಬಂದಾಗ, ಅದನ್ನ ಬೈದು ಬೈದು ನಾಚಿಸಿ ಕಳಿಸಿದೆ ಅಂತ ಅವನೇ ಹೇಳ್ಕೊಂಡಿದ್ದಾನೆ. ಸಲಗಾನ ಯಾರೂ ಕೇಳಕ್ಕೆ ಹೋಗ್ಲಿಲ್ಲ.

ಹೀಗಿರೋವಾಗ 'ಊರೂರ ಬಾಡಿಗೆ-ಸಂಬಳ ತುಲನಾ ಕೋಶ' ಅನ್ನೋ ಆಫೀಸಿಂದ ಶಿಶಿರ್ ಅಂತ ಒಬ್ಬ ಹುಡುಗ ಸಾಹೇಬ ಬಂದ. ಯಾವ ಊರಲ್ಲಿ ದುಡಿದು ತಿನ್ನೋನಿಗೆ ಮನೆ ಎಟುಕ್ತದೆ, ಎಲ್ಲಿ ಎಟುಕಲ್ಲ ಅಂತ ಪಟ್ಟಿ ಮಾಡೋದು ಅವನ ಕೆಲಸ. ನಿಯಮ ನಾಲ್ಕರ ಪ್ರಕಾರ ಮಾಲೀಕ ಬಾಯಲ್ಲಿ ಹೇಳಿದ್ದೇ ಬಾಡಿಗೆ. ನಿಯಮ ಐದರ ಪ್ರಕಾರ ಬಾಡಿಗೆಗಿರೋರು ಹೇಳಿದ್ದೇ ಸಂಬಳ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರ ಹತ್ರ ಕೇಳ್ಬಾರ್ದು, ಅದು ನಿಯಮ ಆರು.

"ಹಾಸನದಲ್ಲಿ ಬಾಡಿಗೆ ಒಂಬತ್ತು ಸಾವಿರ ಇದೆ ಅಜ್ಜ. ಇಲ್ಲಿ ಅಷ್ಟೆಲ್ಲ ಇರಲ್ಲ ಬಿಡಿ" ಅಂದ ಶಿಶಿರ್, ಪಾಪ, ಕನಿಕರದಿಂದ.

ಹಾಸನದಲ್ಲಿ ಮಲ್ಲಪ್ಪನ ಬಾಮೈದ ಇದ್ದಾನೆ. ಎರಡು ಮನೆ ಬಾಡಿಗೆಗೆ ಬಿಟ್ಟಿದ್ದಾನೆ, ಯಾರ ಮನೆ ತಿಥಿಗೆ ಹೋದ್ರೂ ಅದನ್ನೇ ಹೇಳ್ತಾನೆ. ಮಲ್ಲಪ್ಪ ಕುರ್ಚಿ ಮುಂದಕ್ಕೆ ಎಳ್ಕೊಂಡ.

"ಬೆಂಗಳೂರಲ್ಲಿ ಎಷ್ಟಪ್ಪ?"

"ಇಪ್ಪತ್ತೆಂಟು ಸಾವಿರ."

"ಹಂಗಾದ್ರೆ ನಲವತ್ತು ಬರ್ಕೋ."

ಶಿಶಿರ್ ಬರ್ಕೊಂಡ. ಆಮೇಲೆ ಅಂಗಡಿಗೆ ಹೋಗಿ ಉಷಾರಾಣಿನ ಸಂಬಳ ಕೇಳಿದ. ಅವಳು ಹದಿನಾಲ್ಕು ಸಾವಿರ ಅಂತ ನಿಜಾನೇ ಹೇಳಿದ್ಲು. ಊರಲ್ಲಿ ಬೇರೆ ಬಾಡಿಗೆ ಮನೆ ಇರ್ಲಿಲ್ವಲ್ಲ, ನಲವತ್ತು ಸಾವಿರಾನ ಒಂದರಿಂದ ಭಾಗಿಸಿ, ಎರಡು ಸಲ ತಾಳೆ ನೋಡಿ, ಅದೇ ಊರಿನ ಸರಾಸರಿ ಅಂತ ಕೋಶದವರು ಮುದ್ರೆ ಒತ್ತಿದ್ರು. ಸಾಹೇಬ ಆ ಕಡೆ ಹೋಗಿದ್ದೇ ತಡ, ಮಲ್ಲಪ್ಪನ ಹೆಂಡತಿ ರಂಗಮ್ಮ ಅಡುಗೆಮನೆಯಿಂದ, "ನಿಮ್ಮ ಬಾಯಿಗೆ ಬಾಡಿಗೆ ಬರೋ ಹಂಗಿದ್ರೆ ಇಷ್ಟೊತ್ತಿಗೆ ಅರಮನೆ ಕಟ್ತಿದ್ವಿ" ಅಂದ್ಲು.

ವರದಿ ಬಂತು. ಅದರಲ್ಲಿ ಹೀಗಿತ್ತು: 'ಬೆಂಗಳೂರಿನ ಕೆಲಸಗಾರರು ಸಂಬಳದ ಅರ್ಧದಷ್ಟನ್ನು ಬಾಡಿಗೆಗೆ ಕೊಟ್ಟು ಗೊಣಗುತ್ತಿರುವುದು ಕಂಡುಬಂದಿದೆ. ಮಡಿಕೇರಿಯ ಕೆಲಸಗಾರರು ಸಂಬಳದ ಸುಮಾರು ಮೂರು ಪಟ್ಟು ಬಾಡಿಗೆ ಕೊಟ್ಟೂ ಸಮೀಕ್ಷೆಯ ದಿನ ಆರೋಗ್ಯವಾಗಿದ್ದರು. ಆದ್ದರಿಂದ ಮನೆ ಎಟುಕದ ಊರುಗಳ ಪಟ್ಟಿಯಲ್ಲಿ, ತಾಳಿಕೆಯನ್ನು ಮೆಚ್ಚಿ, ಮಡಿಕೇರಿಗೆ ಪ್ರಥಮ ಸ್ಥಾನ ನೀಡಲಾಗಿದೆ.'

ಊರಿಗೆ ಖುಷಿಯೋ ಖುಷಿ. ಬೆಂಗಳೂರನ್ನ ಹಿಂದಕ್ಕೆ ಹಾಕಿದ್ದು ಅಂದ್ರೆ ಸುಮ್ನೆನಾ? ಮಲ್ಲಪ್ಪನಿಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿದ್ರು. ಮಲ್ಲಪ್ಪ ಮೈಕ್ ಹಿಡಿದು, ನಲವತ್ತು ನಾನು ಕರುಣೆಯಿಂದ ಇಟ್ಟಿದ್ದು, ಮನಸ್ಸು ಮಾಡಿದ್ರೆ ಐವತ್ತೂ ಬರ್ತಿತ್ತು ಅಂದ. ಚಪ್ಪಾಳೆ ಬಿತ್ತು. ಬಾಮೈದನಿಗೆ ಫೋಟೋನೂ ಹೋಯ್ತು.

ಮುಂದಿನ ವಾರ ತೆರಿಗೆ ನೋಟೀಸು ಬಂತು. ತಿಂಗಳಿಗೆ ನಲವತ್ತು ಸಾವಿರ ಬರೋ ಮನೆಗೆ ಮೂರು ತಿಂಗಳ ಕಂತು ಹದಿನಾಲ್ಕು ಸಾವಿರದ ನಾನೂರು. ಮಲ್ಲಪ್ಪ ಕೋಶದ ಆಫೀಸಿಗೆ ಹೋಗಿ, ಬಾಗಿಲು ಮುಚ್ಚಿ, ಬಾಡಿಗೆ ಮೂರೂವರೇನೇ ಸಾಹೇಬ್ರೆ ಅಂತ ಹೇಳಿಬಿಟ್ಟ. ಹುಟ್ಟಿದ ಮೇಲೆ ಅವನು ಕಮ್ಮಿ ಮಾಡಿ ಹೇಳಿದ್ದು ಅದೇ ಮೊದಲು.

ಶಿಶಿರ್ ಕೋಪ ಮಾಡ್ಕೊಳ್ಳಲಿಲ್ಲ. "ವರದಿ ತಿದ್ದೋಕಾಗಲ್ಲ ಅಜ್ಜ, ಅಚ್ಚಾಗಿಬಿಟ್ಟಿದೆ. ನಿಜಾನ ತಿದ್ಬಹುದು, ಅದಕ್ಕೆ ಅವಕಾಶ ಇದೆ" ಅಂದ.

ಅವಕಾಶ ಏನಂದ್ರೆ, ಬಾಡಿಗೆ ನಲವತ್ತು ಸಾವಿರ ಬ್ಯಾಂಕಿಗೆ ಬಂದಿದ್ದನ್ನ ತಿಂಗಳು ತಿಂಗಳು ತೋರಿಸ್ಬೇಕು. ತೋರಿಸದಿದ್ರೆ ಪೇಟ, ಶಾಲು ವಾಪಸ್ಸು. ಅದೂ ಸುಮ್ನೆ ಅಲ್ಲ, ಆಟೋಗೆ ಮೈಕ್ ಕಟ್ಟಿ, ಇಂಥವರು ಸುಳ್ಳು ಹೇಳಿರ್ತಾರೆ ಅಂತ ಊರೆಲ್ಲ ಸಾರ್ಕೊಂಡು ಬಂದು ಇಸ್ಕೊಳ್ತಾರೆ. ಮಲ್ಲಪ್ಪನಿಗೆ ತೆರಿಗೆಗಿಂತ ಆ ಆಟೋ ಜಾಸ್ತಿ ಹೆದರಿಕೆ ಆಯ್ತು. ಆನೇನ ಬೈದವನು ಅನ್ನೋ ಹೆಸರು ಆ ಆಟೋ ಹಿಂದೆ ಹೋದ್ರೆ ತಿರುಗಿ ಬರೋದಲ್ಲ.

ಒಳ್ಳೆ ರೇಟಿಗೆ ಕಾಯ್ತಾ ಅಟ್ಟದ ಮೇಲೆ ಇಟ್ಟಿದ್ದ ಕರಿಮೆಣಸು ಮೂಟೇನ ಸಿಕ್ಕಿದ ರೇಟಿಗೆ ಮಾರಿದ. ಒಂದನೇ ತಾರೀಕು ಉಷಾರಾಣಿ ಖಾತೆಗೆ ಮೂವತ್ತಾರೂವರೆ ಸಾವಿರ ಹಾಕ್ದ. ಅವಳು ತನ್ನ ಮೂರೂವರೆ ಸೇರಿಸಿ ನಲವತ್ತು ಮಾಡಿ ವಾಪಸ್ ಕಳಿಸಿದ್ಲು. ನಿಮ್ಮ ದುಡ್ಡು ನಿಮಗೇ ಕೊಡೋಕೆ ನಂಗೇನು ಭಾರ ತಾತ ಅಂತ ನಕ್ಕಳು. ಎರಡನೇ ತಿಂಗಳೂ ದುಡ್ಡು ಹೀಗೇ ಮೈಸೂರು ಬಸ್ಸಿನ ಥರ ಹೋಗಿ ಬಂತು. ಮಲ್ಲಪ್ಪ ತೆರಿಗೆ ಕಂತು ಕಟ್ಟಿ, ಇಷ್ಟರಲ್ಲೇ ಮುಗೀತಲ್ಲ ಅಂದ್ಕೊಂಡ.

ಆ ತಿಂಗಳ ಮೊದಲ ವಾರದಲ್ಲೇ ಕೋಶದವರು ಮರುಪರಿಶೀಲನೆ ಮಾಡಿದ್ರು. ಉಷಾರಾಣಿ ಖಾತೆಗೆ ತಿಂಗಳಿಗೆ ಐವತ್ತು ಸಾವಿರದ ಐನೂರು ಬರ್ತಿರೋದು ಅವರ ಗಮನಕ್ಕೆ ಬಂತು. ಮರುಪರಿಶೀಲನೇಲಿ ಖಾತೆಗೆ ಬಂದಿದ್ದೆಲ್ಲ ಸಂಬಳಾನೇ. ಎರಡನೇ ವರದಿ: 'ಅಲ್ಪಾವಧಿಯಲ್ಲಿ ಮಡಿಕೇರಿಯ ಸರಾಸರಿ ಸಂಬಳ ಮೂರೂವರೆ ಪಟ್ಟಿಗೂ ಹೆಚ್ಚಾಗಿದ್ದು, ಬಾಡಿಗೆ ಒಂದು ರೂಪಾಯಿಯೂ ಏರಿರುವುದಿಲ್ಲ. ಇಷ್ಟು ಸುಲಭವಾಗಿ ಮನೆ ಎಟುಕುವ ಊರು ಬೇರೆ ಕಂಡುಬಂದಿಲ್ಲ.' ಹೀಗೆ ಎಟುಕದೇ ಇರೋ ಊರುಗಳಲ್ಲೂ ಮಡಿಕೇರಿ ಫಸ್ಟು, ಎಟುಕೋ ಊರುಗಳಲ್ಲೂ ಫಸ್ಟು ಆಯ್ತು. ಮೈಸೂರಿನೋರಿಗೆ ಎರಡರಲ್ಲೂ ಏನೂ ಸಿಗ್ಲಿಲ್ಲ.

ವರದಿ ನೋಡಿ ಬ್ಯಾಂಕಿನೋರೇ ಉಷಾರಾಣಿಗೆ ಫೋನ್ ಮಾಡಿ, ಇಷ್ಟು ಸಂಬಳ ಇಟ್ಕೊಂಡು ಬಾಡಿಗೆ ಮನೇಲಿ ಯಾಕಿದ್ದೀರಿ ಮೇಡಂ ಅಂತ ಕೇಳಿ, ಸಾಲ ಕೊಟ್ರು.

ಮೂರನೇ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಮಲ್ಲಪ್ಪ ಎಂದಿನ ಹಾಗೆ ಮೂವತ್ತಾರೂವರೆ ಕಳಿಸಿದ. ಮಧ್ಯಾಹ್ನ ಆದ್ರೂ ನಲವತ್ತು ಬರ್ಲಿಲ್ಲ. ಹಿತ್ತಲಿಗೆ ಹೋಗಿ ನೋಡಿದ್ರೆ ಬಾಗಿಲಲ್ಲಿ ಗೂಡ್ಸ್ ಆಟೋ, ಅದರಲ್ಲಿ ಗ್ಯಾಸ್ ಸ್ಟೌವು, ಬೀರು. ಕುಶಾಲನಗರದ ಆಚೆ ಎರಡು ರೂಮಿನ ಮನೆ ತಗೊಂಡಿದ್ದೀನಿ ತಾತ ಅಂದ್ಲು ಉಷಾರಾಣಿ.

"ಒಳ್ಳೇದೇ ಆಯ್ತು ಕಣವ್ವ. ನನ್ನ ದುಡ್ಡು?"

"ಯಾವ ದುಡ್ಡು? ಅದು ನನ್ನ ಸಂಬಳ ಅಂತ ವರದೀಲೇ ಬಂದಿದ್ಯಲ್ಲ ತಾತ. ಸಂಬಳ ಯಾರಾದ್ರೂ ವಾಪಸ್ ಕೊಡ್ತಾರಾ?"

ಮಲ್ಲಪ್ಪ ಶಿಶಿರ್ ಹತ್ರ ಓಡಿದ. ಶಿಶಿರ್ ವರದಿ ತೆಗೆದು ಓದಿ, ಆಯಮ್ಮ ಹೇಳಿದ್ದು ಸರಿಯಾಗಿದೆ ಅಂದ. ಒಪ್ಪಿಗೆ ಇಲ್ದಿದ್ರೆ ದೂರು ಕೊಡಬಹುದು, ದೂರು ಕೊಟ್ರೆ ಆಟೋ ಬರ್ತದೆ. ಮನೆ ಖಾಲಿ ಬಿದ್ರೂ ಬಾಡಿಗೆ ನಲವತ್ತೇ, ಅದು ನಿಯಮ ಹನ್ನೊಂದು. ಮಲ್ಲಪ್ಪ ಹೆಗಲ ಮೇಲಿನ ಶಾಲು ಸರಿ ಮಾಡ್ಕೊಂಡ. ಆಮೇಲೆ, ಹೌದೌದು, ಸಂಬಳ ಅಂದ್ರೆ ಸಂಬಳಾನೇ, ನಮ್ಮೂರಲ್ಲಿ ನಾವು ಕಮ್ಮಿ ಕೊಡಲ್ಲ ಅಂತ ಹೇಳಿ ಎದ್ದು ಬಂದ.

ಈಗ ದಿನಾ ಜನ ಬಂದು ಹಿತ್ತಲ ಮನೆ ನೋಡಿ, ನಲವತ್ತಾ, ಸರಿ ಬಿಡಿ, ಮಡಿಕೇರಿ ಅಲ್ವಾ ಅಂತ ಹೇಳಿ ಹೋಗ್ತಾರೆ. ಯಾರೂ ಜಾಸ್ತಿ ಆಯ್ತು ಅಂದಿಲ್ಲ. ಮಲ್ಲಪ್ಪನಿಗೆ ಅದೊಂದು ಸಮಾಧಾನ. ತೆರಿಗೆ ಕಂತು, ಉಷಾರಾಣಿಗೆ ಹೋದ ಸಂಬಳ, ಈ ತಿಂಗಳು ಬರದೇ ಹೋದ ನಿಜವಾದ ಬಾಡಿಗೆ, ಎರಡೂ ವರದಿಗೆ ಕಟ್ಟು ಹಾಕಿಸಿ ಜಗಲೀಲಿ ತೂಗುಹಾಕಿದ್ದಕ್ಕೆ ಆರ್ನೂರೈವತ್ತು, ಎಲ್ಲ ಸೇರಿ ಇವತ್ತಿನವರೆಗೆ ಅವನು ಕಳ್ಕೊಂಡಿದ್ದು ಐವತ್ತೈದು ಸಾವಿರದ ಐವತ್ತು ರೂಪಾಯಿ.